ಎರಡು ನಕ್ಷತ್ರದ ಬಾವುಟ: ಅದು ಯಾರದು, ಎಷ್ಟು ಹಳೆಯದು?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ಪುಟ್ಟ ಬಾವುಟವೊಂದನ್ನು ಕೊಂಡೆ. ಸುತ್ತ ಕೆಂಪು ಅಂಚು, ನಡುವೆ ಬಿಳಿ. ಅದರಲ್ಲಿ ಎರಡು ನಕ್ಷತ್ರ. ಒಂದು ನೀಲಿ, ಇನ್ನೊಂದು ಚಿನ್ನದ ಬಣ್ಣದ್ದು. ಇದು ಯಾವ ದೇಶದ ಬಾವುಟ? ಎಷ್ಟು ಹಳೆಯದು?

ಉತ್ತರ: ಇದು ದೇಶದ ಬಾವುಟ ಅಲ್ಲ, ಒಂದು ಮನೆಯ ಬಾವುಟ. ಅಮೆರಿಕದಲ್ಲಿ ಇದನ್ನು ಸರ್ವಿಸ್ ಫ್ಲ್ಯಾಗ್ ಅನ್ನುತ್ತಾರೆ. 1917ರಲ್ಲಿ ಒಹಾಯೊ ರಾಜ್ಯದ ರಾಬರ್ಟ್ ಕ್ವೈಸರ್ ಎಂಬ ಸೇನಾ ಕ್ಯಾಪ್ಟನ್ ಇದನ್ನು ರೂಪಿಸಿದರು. ಅವರ ಇಬ್ಬರು ಮಕ್ಕಳೂ ಸೈನ್ಯದಲ್ಲಿದ್ದರು. ಮನೆಯಿಂದ ಎಷ್ಟು ಜನ ಯುದ್ಧಕ್ಕೆ ಹೋಗಿದ್ದಾರೋ ಅಷ್ಟು ನೀಲಿ ನಕ್ಷತ್ರ. ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲಿ ತೂಗುಹಾಕುತ್ತಿದ್ದರು.

ಚಿನ್ನದ ನಕ್ಷತ್ರ ಅಂದರೆ ಹೋದವರು ತೀರಿಕೊಂಡರು ಅಂತ. ನಿಮ್ಮ ಕೈಲಿರುವುದು ಇಬ್ಬರನ್ನು ಕಳಿಸಿ, ಒಬ್ಬರನ್ನು ಕಳೆದುಕೊಂಡ ಮನೆಯದು. ಅಯೋವಾದ ವಾಟರ್‌ಲೂ ಊರಿನ ಸಲಿವನ್ ದಂಪತಿಯ ಐದೂ ಗಂಡುಮಕ್ಕಳು ಒಂದೇ ಹಡಗಿನಲ್ಲಿದ್ದರು. 1942ರ ನವೆಂಬರ್‌ನಲ್ಲಿ ಜುನೋ ಎಂಬ ಆ ಹಡಗು ಮುಳುಗಿತು, ಐವರೂ ಹೋದರು. ಆ ತಾಯಿಯ ಪಾಲಿಗೆ ಐದು ಚಿನ್ನದ ನಕ್ಷತ್ರ. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಕಾಲ. ಎರಡೂ ಮಹಾಯುದ್ಧಗಳಲ್ಲಿ ವಿನ್ಯಾಸ ಒಂದೇ ಇದ್ದದ್ದರಿಂದ ಬಟ್ಟೆಯನ್ನೇ ನೋಡಬೇಕು. ಉಣ್ಣೆ ಅಥವಾ ಹತ್ತಿ ಬಟ್ಟೆ, ನಕ್ಷತ್ರ ಕತ್ತರಿಸಿ ಹೊಲಿದದ್ದು ಅಂದರೆ ಮೊದಲ ಯುದ್ಧದ್ದಿರಬಹುದು. ಎಷ್ಟೋ ಮನೆಗಳಲ್ಲಿ ಹೆಂಗಸರೇ ಹೊಲಿದುಕೊಂಡಿದ್ದರು. ಹೊಳೆಯುವ ರೇಯಾನ್, ಕೆಳಗೆ ಕುಚ್ಚು, ಮೇಲೆ ಕೋಲು, ತೂಗುಹಾಕಲು ಹುರಿ ಇದ್ದರೆ ಎರಡನೆಯದ್ದಾಗಿರುವ ಸಾಧ್ಯತೆ ಜಾಸ್ತಿ. ಪಾಲಿಯೆಸ್ಟರ್ ಆದರೆ ಎರಡೂ ಅಲ್ಲ, ಅದು ಬಳಕೆಗೆ ಬಂದದ್ದೇ 1950ರ ದಶಕದಲ್ಲಿ.

ಕತ್ತಲೆ ಕೋಣೆಯಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಟ್ಟು ನೋಡುವವರೂ ಇದ್ದಾರೆ. ಬಿಳುಪು ಹೆಚ್ಚಿಸುವ ಈಗಿನ ರಾಸಾಯನಿಕದಿಂದ ಬಿಳಿ ಬಟ್ಟೆ, ದಾರ ನೀಲಿಯಾಗಿ ಮಿನುಗಿದರೆ ಅದು ಈಚಿನದು ಅನ್ನುವುದು ಲೆಕ್ಕ. ಆದರೆ ಹಳೇ ಬಟ್ಟೆಯನ್ನು ಈಗಿನ ಡಿಟರ್ಜೆಂಟಿನಲ್ಲಿ ಒಗೆದಿದ್ದರೂ ಹಾಗೇ ಮಿನುಗುತ್ತದೆ. ಅದೊಂದನ್ನೇ ನಂಬಿ ತೀರ್ಮಾನಿಸಬೇಡಿ.

ನಾನಾದರೆ ಮೊದಲು ನೋಡುವುದು ಚಿನ್ನದ ನಕ್ಷತ್ರದ ಅಂಚನ್ನು. ನೀಲಿಯನ್ನು ಕಿತ್ತು ಹಾಕುತ್ತಿರಲಿಲ್ಲ, ಅದರ ಮೇಲೇ ಸ್ವಲ್ಪ ಚಿಕ್ಕದಾದ ಚಿನ್ನದ್ದನ್ನು ಹೊಲಿಯುವುದು ರೂಢಿ. ಹಾಗಾಗಿ ಸುತ್ತ ತೆಳ್ಳಗೆ ನೀಲಿ ಕಾಣಬೇಕು. ಹೊಲಿಗೆಯ ದಾರವೂ ಉಳಿದ ಬಟ್ಟೆಯಷ್ಟೇ ಮಾಸಿರಬೇಕು. ದಾರ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ. ಚಿನ್ನದ ನಕ್ಷತ್ರ ಇದ್ದರೆ ಬೆಲೆ ಏರುತ್ತದೆ ಅಂತ ಆಮೇಲೆ ಹೊಲಿದು ಮಾರುವವರಿದ್ದಾರೆ. ಸತ್ತವರ ಹೆಸರಲ್ಲಿ ಹೀಗೆ ಮಾಡುವುದು ತಪ್ಪು ಅಲ್ವಾ?

ಒಗೆಯಬೇಡಿ, ಇಸ್ತ್ರಿ ಹಾಕಬೇಡಿ, ಬಿಸಿಲಿಗೆ ಇಡಬೇಡಿ. ಹಿಂಬದಿಯನ್ನು, ಕೋಲಿನ ತುದಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಪೆನ್ಸಿಲ್‌ನಲ್ಲಿ ಬರೆದ ಹೆಸರೋ ಊರೋ ಸಿಕ್ಕರೆ, ಆ ಊರಿನ ಗ್ರಂಥಾಲಯಕ್ಕೆ ಬರೆದು ಕೇಳಿ. ಆ ಮನೆಯವರು ಇನ್ನೂ ಅಲ್ಲೇ ಇರಬಹುದು.