ಗೊತ್ತಿಲ್ಲ, ಗೊತ್ತಾಗುವುದಿಲ್ಲ: ಅಜ್ಞೇಯತಾವಾದದ ಟಿಪ್ಪಣಿ

ಹೋದ ಭಾನುವಾರ ಮಳೆ ಜೋರಿತ್ತು. ಮುಂಬೈಯ ಮಾಟುಂಗಾದಲ್ಲಿ ಸೇರುವ ನಮ್ಮ ತತ್ವಶಾಸ್ತ್ರದ ಓದುಗುಂಪಿಗೆ ನಾಲ್ಕೇ ಜನ ಬಂದಿದ್ದೆವು. ಬಾರದೆ ಹೋದವರು ನೋಟ್ಸ್ ಕಳಿಸು ಎಂದು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಅರ್ಧ ಬರೆದದ್ದು, ಅಲ್ಲಲ್ಲಿ ಅಡ್ಡಾದಿಡ್ಡಿ ಇದ್ದರೆ ಸಹಿಸಿಕೊಳ್ಳಿ.

ಮೊದಲು ಹೆಸರಿನದೇ ಗೊಂದಲ. ಅಜ್ಞೇಯತಾವಾದಿ ಅಂದರೆ ಅಜ್ಞಾನಿ ಅಲ್ಲ. ಜ್ಞೇಯ ಅಂದರೆ ತಿಳಿಯಬಹುದಾದದ್ದು, ಅಜ್ಞೇಯ ಅಂದರೆ ತಿಳಿಯಲಾಗದ್ದು. ನಾನು ಕೊಂಡ ಗೈಡ್‌ನಲ್ಲಿ "ದೇವರ ಬಗ್ಗೆ ಅನುಮಾನ ಇರುವವನು" ಎಂದು ಒಂದೇ ಸಾಲು ಬರೆದು ಮುಗಿಸಿದ್ದಾರೆ. ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದರೆ ಎರಡು ಮಾರ್ಕು ಸಿಗಬಹುದು, ವಿಷಯ ಮಾತ್ರ ಕೈಗೆ ಸಿಗುವುದಿಲ್ಲ. ಅನುಮಾನ ಮನಸ್ಸಿನ ಒಂದು ಸ್ಥಿತಿ, ಅಷ್ಟೆ. ಅಜ್ಞೇಯತಾವಾದಿ ಮಾತಾಡುವುದು ತಿಳಿವಳಿಕೆಯ ಬಗ್ಗೆ: ದೇವರು ಇದ್ದಾನೆ ಅಥವಾ ಇಲ್ಲ ಎಂದು ನಮಗೆ ಗೊತ್ತು ಎನ್ನುವುದಕ್ಕೆ ಸಾಕಷ್ಟು ಆಧಾರ ಇದೆಯೇ? ಇಲ್ಲ ಅಂದಮೇಲೆ, ಗೊತ್ತು ಎಂದು ಹೇಳಬೇಡ. ಇಷ್ಟೇ ಅದರ ತಿರುಳು.

ಇದರಲ್ಲಿ ಎರಡು ಬಗೆ ಇವೆ. ನಮ್ಮ ಕನ್ನಡದಲ್ಲೇ ಆ ವ್ಯತ್ಯಾಸ ಚೆಂದವಾಗಿ ಕೂತಿದೆ. "ಗೊತ್ತಿಲ್ಲ" ಅನ್ನುವುದು ಒಂದು, "ಗೊತ್ತಾಗುವುದಿಲ್ಲ" ಅನ್ನುವುದು ಇನ್ನೊಂದು. ಮೊದಲನೆಯವನು ಇವತ್ತಿಗೆ ತಿಳಿದಿಲ್ಲ, ನಾಳೆ ತಿಳಿದರೂ ತಿಳಿಯಬಹುದು ಅನ್ನುತ್ತಾನೆ. ಎರಡನೆಯವನು ಇದು ಮನುಷ್ಯರ ಬುದ್ಧಿಗೆ ನಿಲುಕುವ ಸಂಗತಿಯೇ ಅಲ್ಲ, ಎಷ್ಟು ಕಾದರೂ ಅಷ್ಟೆ ಅನ್ನುತ್ತಾನೆ. ಪುಸ್ತಕಗಳಲ್ಲಿ ಇವನ್ನು ದುರ್ಬಲ ಮತ್ತು ಪ್ರಬಲ ಅಜ್ಞೇಯತಾವಾದ ಎಂದು ಕರೆಯುತ್ತಾರೆ. ಅಜ್ಞೇಯ ಎಂಬ ನಮ್ಮ ಪದ ಎರಡನೆಯ ಕಡೆಗೆ ವಾಲಿದೆ ಅನ್ನುವುದನ್ನೂ ಗಮನಿಸಿ. ಅದಕ್ಕೇ ಸುಮ್ನೆ "ಗೊತ್ತಿಲ್ಲಪ್ಪ" ಅನ್ನುವವನಿಗೆ ಈ ಪದ ಸ್ವಲ್ಪ ದೊಡ್ಡ ಅಂಗಿಯಂತೆ ಕಾಣುತ್ತದೆ.

ಇದಕ್ಕೊಂದು ಉದಾಹರಣೆ ಕೊಟ್ಟವರು ನಮ್ಮ ಗುಂಪಿನಲ್ಲಿ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುವವರು. ರಾತ್ರಿ ಪಾತ್ರೆಯಲ್ಲಿ ಉದ್ದು ನೆನೆಹಾಕಿದ್ದಾರೆ. ಅದರಲ್ಲಿರುವ ಕಾಳು ಸಮಸಂಖ್ಯೆಯೋ ಬೆಸಸಂಖ್ಯೆಯೋ? ಗೊತ್ತಿಲ್ಲ. ಆದರೆ ಹಟ ಹಿಡಿದು ಕೂತರೆ ಎಣಿಸಬಹುದು. ಬೆಳಗಿನ ಜಾವ ನಾಲ್ಕಕ್ಕೆ ಗ್ರೈಂಡರಿಗೆ ಹಾಕಿ ರುಬ್ಬಿ ಆಯಿತು. ಈಗ ಕೇಳಿ. ಸಮವೋ ಬೆಸವೋ ಒಂದಂತೂ ಆಗಿತ್ತು, ಅದರಲ್ಲಿ ಸಂಶಯ ಇಲ್ಲ. ಆದರೆ ಹಿಟ್ಟಿನಿಂದ ಕಾಳಿನ ಲೆಕ್ಕ ತೆಗೆಯಲು ಯಾರಿಂದಲೂ ಆಗುವುದಿಲ್ಲ. ನಿಜ ಒಂದಿದೆ, ತಿಳಿಯುವ ದಾರಿ ಮುಚ್ಚಿದೆ. ನಾವೆಲ್ಲ ಒಂದು ನಿಮಿಷ ಸುಮ್ಮನಾದೆವು. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸಲೀಸಾಗಿ ಇದು ತಲೆಗೆ ಹೋಗಿರಲಿಲ್ಲ.

ಇದೇ ಉದ್ದಿನಿಂದ ಇನ್ನೊಂದು ಗಂಟು ಬಿಡಿಸಬಹುದು. ನೀವು "ಸಮ" ಎಂದು ಹೇಳಿದಿರಿ, ನಾನು ನಂಬಲಿಲ್ಲ. ಹಾಗಂತ ನಾನು "ಬೆಸ" ಎಂದು ಹೇಳಿದ ಹಾಗಾಗುವುದಿಲ್ಲ, ಅಲ್ವಾ? ದೇವರಿದ್ದಾನೆ ಎಂದು ನಂಬದಿರುವುದು ಬೇರೆ, ದೇವರಿಲ್ಲ ಎಂದು ಸಾರುವುದು ಬೇರೆ.

ಈಗ ಹೆಸರಿಟ್ಟವರ ಕಥೆ. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ಡಾರ್ವಿನ್ ಪರವಾಗಿ ಜಗಳಕ್ಕೆ ನಿಂತವರು ಇವರೇ. ಲಂಡನ್ನಿನಲ್ಲಿ ಮೆಟಫಿಸಿಕಲ್ ಸೊಸೈಟಿ ಎಂಬ ಚರ್ಚಾಕೂಟ ಇತ್ತು. ಪಾದ್ರಿಗಳು, ಪಂಡಿತರು, ವಿಜ್ಞಾನಿಗಳು ಎಲ್ಲ ಒಂದೆಡೆ ಸೇರುತ್ತಿದ್ದರು. ಪ್ರತಿಯೊಬ್ಬರಿಗೂ ಒಂದೊಂದು ವಾದದ ಹಣೆಪಟ್ಟಿ. ಹಕ್ಸ್‌ಲಿ ಒಬ್ಬರಿಗೇ ಇಲ್ಲ. ಬೋನಿನಲ್ಲಿ ಬಾಲ ಕಳೆದುಕೊಂಡು ಬಾಲವಿರುವ ಜೊತೆಗಾರರ ನಡುವೆ ನಿಂತ ನರಿಯ ಪಾಡಾಯಿತು ಎಂದು ಅವರೇ ಆಮೇಲೆ ತಮಾಷೆಯಾಗಿ ನೆನೆಸಿಕೊಂಡಿದ್ದಾರೆ. ಅದಕ್ಕೇ 1869ರಲ್ಲಿ ಅಗ್ನಾಸ್ಟಿಕ್ (ನಮ್ಮ ಅಜ್ಞೇಯತಾವಾದಿ) ಎಂಬ ಪದ ಕಟ್ಟಿದರು. ಕ್ರೈಸ್ತ ಧರ್ಮದ ಶುರುವಿನ ಕಾಲದಲ್ಲಿ ನಾಸ್ಟಿಕ್ ಎಂಬ ಪಂಥದವರಿದ್ದರು, ಗುಟ್ಟಿನ ಜ್ಞಾನ ತಮಗಿದೆ ಅನ್ನುವವರು. ಅವರಿಗೆ ಎದುರಾಗಿ ಈ ಪದ. ಒಂದು ಎಚ್ಚರ: ಕನ್ನಡದ ನಾಸ್ತಿಕ ಬೇರೆ, ಈ ನಾಸ್ಟಿಕ್ ಬೇರೆ. ಕಿವಿಗೆ ಒಂದೇ ಥರ ಕೇಳುತ್ತದೆ, ಪರೀಕ್ಷೆಯಲ್ಲಿ ಬೆರೆಸಿಬಿಡಬೇಡಿ.

1889ರ ಪ್ರಬಂಧದಲ್ಲಿ ಹಕ್ಸ್‌ಲಿ ಇದು ಮತವಲ್ಲ, ಒಂದು ವಿಧಾನ ಎಂದು ಬರೆದರು. ಬುದ್ಧಿ ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಯವರೆಗೆ ಹೋಗು, ಸಾಬೀತಾಗದ್ದನ್ನು ಸಾಬೀತಾಗಿದೆ ಎಂದು ನಟಿಸಬೇಡ. ಇದರಲ್ಲಿ ದೇವರ ಹೆಸರೇ ಇಲ್ಲ ನೋಡಿ. ವಿಧಾನ ಅಂದಮೇಲೆ ಎಲ್ಲದಕ್ಕೂ ಅನ್ವಯ ಆಗಬೇಕು.

ಆದರೆ ನನಗೆ ಹಕ್ಸ್‌ಲಿ ಹತ್ತಿರವಾದದ್ದು ಈ ಪದ ಹುಟ್ಟುವುದಕ್ಕೆ ಒಂಬತ್ತು ವರ್ಷ ಮುಂಚಿನ ಒಂದು ಕಾಗದದಿಂದ. 1860ರ ಸೆಪ್ಟೆಂಬರಿನಲ್ಲಿ ಅವರ ಮೊದಲ ಮಗ ನೋಯೆಲ್ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ನಾಲ್ಕು ವರ್ಷ ಇನ್ನೂ ತುಂಬಿರಲಿಲ್ಲ. ಪಾದ್ರಿಯಾಗಿದ್ದ ಸ್ನೇಹಿತ ಚಾರ್ಲ್ಸ್ ಕಿಂಗ್ಸ್‌ಲಿ ಸಮಾಧಾನ ಹೇಳಿ ಬರೆದರು. ಅಂಥ ಹೊತ್ತಿನಲ್ಲಿ ಯಾರಾದರೂ "ಮಗು ದೇವರ ಹತ್ತಿರ ಇದೆ" ಎಂದರೆ ಹೂಂ ಅಂದುಬಿಡುತ್ತೇವೆ. ಹಕ್ಸ್‌ಲಿ ಹೂಂ ಅನ್ನಲಿಲ್ಲ. ಸಾವಿನಾಚೆ ಬಾಳಿದೆ ಎಂದು ನಾನು ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ನಂಬಲು ಕಾರಣ ಕಾಣುತ್ತಿಲ್ಲ, ಸುಳ್ಳೆಂದು ತೋರಿಸುವ ದಾರಿಯೂ ನನ್ನ ಬಳಿ ಇಲ್ಲ ಎಂಬರ್ಥದಲ್ಲಿ ಉತ್ತರಿಸಿದರು. ಅಜ್ಞೇಯತಾವಾದ ಅಂದರೆ ಜಾರಿಕೊಳ್ಳುವವರ ಅಡ್ಡಗೋಡೆ ಮೇಲಿನ ದೀಪ ಅನ್ನುವವರಿದ್ದಾರೆ. ಈ ಕಾಗದ ಓದಿದ ಮೇಲೆ ನನಗೆ ಆ ಮಾತು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ಯಾವುದಾದರೂ ಒಂದು ಕಡೆಗೆ ವಾಲುವುದೇ ಸುಲಭವಾಗಿತ್ತು.

ಡಾರ್ವಿನ್ ಕೂಡ 1879ರ ಒಂದು ಕಾಗದದಲ್ಲಿ ತನ್ನ ಮನಸ್ಸಿನ ಸ್ಥಿತಿಗೆ ಅಗ್ನಾಸ್ಟಿಕ್ ಪದವೇ ಹೆಚ್ಚು ಸರಿ ಎಂದರು. ಇದು ಒಂದು ಅಂಕದ ಪ್ರಶ್ನೆ, ಅಷ್ಟು ಸಾಕು.

ಆಸ್ತಿಕ ಒಂದು ತುದಿ, ನಾಸ್ತಿಕ ಇನ್ನೊಂದು ತುದಿ, ನಡುವೆ ಅಜ್ಞೇಯತಾವಾದಿ ಎಂದು ಗೆರೆ ಎಳೆದು ತೋರಿಸುವುದು ರೂಢಿ. ನಾವು ಬೋರ್ಡಿನ ಮೇಲೆ ಆ ಗೆರೆ ಅಳಿಸಿದೆವು. ಇಲ್ಲಿರುವುದು ಎರಡು ಪ್ರಶ್ನೆ. ನಂಬುತ್ತೀಯಾ? ಗೊತ್ತಾ? ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. "ಗೊತ್ತಿಲ್ಲ, ಆದರೂ ನಂಬುತ್ತೇನೆ" ಅನ್ನುವವರು ಎಷ್ಟು ಜನ ಇಲ್ಲ! ಜರ್ಮನಿಯ ತತ್ವಜ್ಞಾನಿ ಕಾಂಟ್ 1787ರಲ್ಲಿ, ತನ್ನ ದೊಡ್ಡ ಗ್ರಂಥದ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ, ನಂಬಿಕೆಗೆ ಜಾಗ ಮಾಡಲು ಜ್ಞಾನವನ್ನು ಬದಿಗೆ ಸರಿಸಬೇಕಾಯಿತು ಎಂದಿದ್ದಾನೆ. "ಗೊತ್ತಿಲ್ಲ, ಹಾಗಾಗಿ ನಂಬುವುದಿಲ್ಲ" ಅನ್ನುವವರೂ ಇದ್ದಾರೆ. ಎರಡು ಕಡೆಯವರೂ ಅಜ್ಞೇಯತಾವಾದಿಗಳೇ ಆಗಬಹುದು.

ಆಸ್ತಿಕ ಪದ ಬಂದದ್ದಕ್ಕೆ ಒಂದು ಮಾತು. ಮಾಟುಂಗಾದಲ್ಲೇ ಆಸ್ತಿಕ ಸಮಾಜ ಎಂಬ ದೇವಸ್ಥಾನ ಇದೆ, ನೋಡಿರುತ್ತೀರಿ. ಅಲ್ಲಿ ಆಸ್ತಿಕ ಅಂದರೆ ದೇವರನ್ನು ನಂಬುವವನು, ನಾವೂ ದಿನಾ ಹಾಗೇ ಆಡುತ್ತೇವೆ. ಆದರೆ ಭಾರತೀಯ ದರ್ಶನದ ಪೇಪರಿನಲ್ಲಿ ಆಸ್ತಿಕ ಅಂದರೆ ವೇದವನ್ನು ಪ್ರಮಾಣ ಎಂದು ಒಪ್ಪುವವನು. ಹಳೆಯ ಸಾಂಖ್ಯ ದರ್ಶನದಲ್ಲಿ ಜಗತ್ತನ್ನು ಮಾಡಿದ ಈಶ್ವರನಿಗೆ ಕೆಲಸ ಇಲ್ಲ, ಮೀಮಾಂಸಾ ದರ್ಶನದವರಿಗೂ ಯಜ್ಞದ ಫಲಕ್ಕೆ ಅವನು ಬೇಕಿಲ್ಲ. ಆದರೂ ಇಬ್ಬರೂ ಆಸ್ತಿಕರು. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಇದನ್ನು ಕೇಳಿ ತಲೆ ಕೆರೆದುಕೊಂಡು ಹೊರಗೆ ಕಾಫಿಗೆ ಹೋದರು.

ನಮ್ಮ ಕಡೆ "ಗೊತ್ತಿಲ್ಲ" ಎಂದು ಮೊದಲು ಹೇಳಿದವರು ಯಾರು? ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ, ನಾಸದೀಯ. ಸೃಷ್ಟಿ ಎಲ್ಲಿಂದ ಬಂತು ಎಂದು ಯಾರು ಬಲ್ಲರು, ದೇವತೆಗಳೂ ಆಮೇಲೆ ಬಂದವರು ಎಂದು ಕೇಳುತ್ತದೆ. ಕೊನೆಗೆ, ಮೇಲೆ ಕೂತು ನೋಡುವವನಿಗೆ ಗೊತ್ತಿರಬಹುದು, ಇಲ್ಲವೇ ಅವನಿಗೂ ಗೊತ್ತಿರಲಿಕ್ಕಿಲ್ಲ ಎಂದು ನಿಲ್ಲಿಸುತ್ತದೆ. ನಾವು ಏನೂ ತಿಳಿಯದಾಗ "ಆ ದೇವರಿಗೇ ಗೊತ್ತು" ಅನ್ನುತ್ತೇವಲ್ಲ, ಆ ಋಷಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ.

ಇನ್ನೊಬ್ಬನು, ಬುದ್ಧನ ಕಾಲದ ಗುರು ಸಂಜಯ ಬೇಲಟ್ಠಿಪುತ್ತ. ಪರಲೋಕ ಇದೆಯೇ ಎಂದು ಕೇಳಿದರೆ, ಇದೆ ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ, ಬೇರೆ ಥರ ಎಂದೂ ಅನ್ನುವುದಿಲ್ಲ ಎಂದು ಉತ್ತರ. ದೀಘನಿಕಾಯ ಎಂಬ ಬೌದ್ಧ ಗ್ರಂಥದ ಸಾಮಞ್ಞಫಲ ಸುತ್ತದಲ್ಲಿ ರಾಜ ಅಜಾತಶತ್ರು, ತಾನು ಭೇಟಿಯಾದ ಗುರುಗಳಲ್ಲಿ ಇವನೇ ಎಲ್ಲರಿಗಿಂತ ಪೆದ್ದ ಎಂದುಕೊಳ್ಳುತ್ತಾನೆ. ಬೌದ್ಧ ಗ್ರಂಥಗಳು ಈ ಬಗೆಯ ಮಾತನ್ನು ಕೈಗೆ ಸಿಗದೆ ನುಣುಚುವ ಹಾವುಮೀನಿಗೆ ಹೋಲಿಸುತ್ತವೆ. ಸಂಜಯನ ಮಾತು ನಮಗೆ ಸಿಗುವುದು ಎದುರಾಳಿಗಳ ಬಾಯಿಂದ, ಅದು ನೆನಪಿರಲಿ. ಬುದ್ಧ ಸ್ವತಃ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲ. ಆದರೆ ಶಿಷ್ಯ ಮಾಲುಂಕ್ಯಪುತ್ತ ಕೇಳಿದ್ದು ಲೋಕ ಶಾಶ್ವತವೇ, ಜೀವವೂ ದೇಹವೂ ಒಂದೇ ಏನು, ಇಂಥವು. ಆ ಪಟ್ಟಿಯಲ್ಲಿ "ದೇವರಿದ್ದಾನೆಯೇ" ಇಲ್ಲ. ಬುದ್ಧ ದೇವರ ಬಗ್ಗೆ ಅಜ್ಞೇಯತಾವಾದಿ ಎಂದು ಕಣ್ಣು ಮುಚ್ಚಿ ಬರೆದು ಮಾರ್ಕು ಕಳೆದುಕೊಳ್ಳಬೇಡಿ.

ಹತ್ತಿರದ ಒಂದು ಹೆಸರು ಬೇಕಾದರೆ, ಅಂಧೇರಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಿಲ್ಲಿ. ಅದು ಆಗರ್ಕರ್ ಚೌಕ್. ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಯಾರು ಈ ಆಗರ್ಕರ್ ಎಂದು ಯಾರೂ ಕೇಳುವುದಿಲ್ಲ. ಗೋಪಾಳ ಗಣೇಶ ಆಗರ್ಕರ್, ಪುಣೆಯ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು, 1888ರಲ್ಲಿ ಸುಧಾರಕ ಪತ್ರಿಕೆ ಶುರು ಮಾಡಿದವರು. ಇಂಗ್ಲೆಂಡಿನ ಚಿಂತಕರಾದ ಮಿಲ್ ಮತ್ತು ಸ್ಪೆನ್ಸರ್ ಅವರನ್ನು ಓದಿ ಬೆಳೆದವರು. ಮರಾಠಿಯಲ್ಲಿ ಅವರನ್ನು ಅಜ್ಞೇಯವಾದಿ ಎಂದೇ ಕರೆಯುತ್ತಾರೆ. ಪುಣೆಯ ಸನಾತನಿಗಳು ಅವರು ಬದುಕಿದ್ದಾಗಲೇ ಅವರ ಅಣಕು ಶವಯಾತ್ರೆ ತೆಗೆದರು. 1895ರಲ್ಲಿ ತೀರಿಕೊಂಡಾಗ ವಯಸ್ಸು ನಲವತ್ತೂ ಆಗಿರಲಿಲ್ಲ.

ಇನ್ನು ವಿರೋಧಗಳು. ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1952ರಲ್ಲಿ ಒಂದು ಟೀ ಪಾಟಿನ ಮಾತು ತೆಗೆದರು. ಭೂಮಿಗೂ ಮಂಗಳಕ್ಕೂ ನಡುವೆ ಒಂದು ಪಿಂಗಾಣಿ ಟೀ ಪಾಟ್ ಸೂರ್ಯನನ್ನು ಸುತ್ತುತ್ತಿದೆ, ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕದು. ಇಲ್ಲ ಎಂದು ಯಾರೂ ಸಾಬೀತು ಮಾಡಲಾರರು. ಹಾಗಂತ ಇರಬಹುದು, ಇಲ್ಲದಿರಬಹುದು ಎಂದು ತಕ್ಕಡಿ ಸಮ ಹಿಡಿಯುತ್ತೀರಾ? ಇದು ಸರಿಯಾದ ಏಟು. "ಗೊತ್ತಿಲ್ಲ" ಅಂದರೆ ಐವತ್ತು-ಐವತ್ತು ಎಂದರ್ಥವಲ್ಲ. ನಮ್ಮ ಉದ್ದಿನ ಕಾಳಿಗೆ ಆ ಲೆಕ್ಕ ನಡೆಯುತ್ತದೆ, ಎಲ್ಲದಕ್ಕೂ ನಡೆಯುವುದಿಲ್ಲ. ಇನ್ನೊಂದು ತೊಡಕೂ ಇದೆ. ಉದ್ದು ಅಂದರೆ ಏನು ಎಂದು ಎಲ್ಲರಿಗೂ ಗೊತ್ತು. ದೇವರು ಅಂದರೆ? ಜಗತ್ತನ್ನು ಮಾಡಿದವನೋ, ಊರಿನ ದೈವವೋ, ನಿರ್ಗುಣ ಬ್ರಹ್ಮವೋ? ಯಾವುದರ ಬಗ್ಗೆ ಗೊತ್ತಿಲ್ಲ ಎಂದು ಮೊದಲು ಹೇಳಬೇಕು.

ಎರಡನೆಯ ಏಟು ಇನ್ನೂ ಬಲವಾದದ್ದು, ನಾವು ಒಂದು ಗಂಟೆ ಇದರಲ್ಲೇ ಕಳೆದೆವು. ಆ ಏಟು ಬೀಳುವುದು ಯಾವ ಮಾತಿಗೆ ಎಂದು ಮೊದಲು ನೋಡಿ. 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ ಒಬ್ಬ ಹಡಗಿನ ಮಾಲಕನ ಕಥೆ ಹೇಳಿದ. ಹಡಗು ಹಳೆಯದು, ರಿಪೇರಿಗೆ ದುಡ್ಡು ಜಾಸ್ತಿ. ಏನಾಗುತ್ತೆ ಬಿಡು ಎಂದು ತನ್ನನ್ನೇ ನಂಬಿಸಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ತಪ್ಪೇನು? ಆಧಾರವಿಲ್ಲದೆ ನಂಬಿದ್ದೇ ತಪ್ಪು, ಹಡಗು ಸುರಕ್ಷಿತವಾಗಿ ತಲುಪಿದ್ದರೂ ತಪ್ಪೇ, ಅನ್ನುತ್ತಾನೆ ಕ್ಲಿಫರ್ಡ್. ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಕೆಲವು ಆಯ್ಕೆಗಳು ಕಾಯುವುದಿಲ್ಲ, ಪುರಾವೆ ಬರಲಿ ಎಂದು ಸುಮ್ಮನಿದ್ದರೆ ಅದೂ ಒಂದು ತೀರ್ಮಾನವೇ ಎಂದ. ಬಾಯಲ್ಲಿ "ಗೊತ್ತಿಲ್ಲ" ಎನ್ನಬಹುದು, ಬದುಕುವಾಗ ಎರಡರಲ್ಲಿ ಒಂದರಂತೆ ಬದುಕಲೇಬೇಕಲ್ಲ?

ನನಗಂತೂ ಇದಕ್ಕೆ ನೇರ ಉತ್ತರ ಹೊಳೆಯಲಿಲ್ಲ. ಊರಿಂದ ಅಮ್ಮ ರಾತ್ರಿ ಫೋನ್ ಮಾಡಿದಾಗ ಕೇಳುವುದು ಒಂದೇ: "ದೇವರಿಗೆ ದೀಪ ಹಚ್ಚಿದೆಯಾ?" ಹಚ್ಚಿರಬೇಕು, ಇಲ್ಲವೇ ಹಚ್ಚಿರಬಾರದು. ದೀಪಕ್ಕೆ ಮೂರನೆಯ ಸ್ಥಿತಿ ಇಲ್ಲ. ಇದನ್ನು ಹೇಳಿದಾಗ ಉದ್ದಿನ ಕಾಳಿನ ಗೆಳೆಯರು ನಕ್ಕರು. ಅವರ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಗಣಪತಿ ಫೋಟೋಗೆ ಊದುಬತ್ತಿ ಹಚ್ಚುವುದು ಅವರದೇ ಪಾಳಿ. "ಗಣಪತಿ ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ ಮಾರಾಯ್ರೆ. ಹಚ್ಚುವಾಗ ನನ್ನನ್ನು ಯಾರೂ ಗೊತ್ತಾ ಎಂದು ಕೇಳಲೂ ಇಲ್ಲ" ಎಂದರು.

ಮುಂದಿನ ಭಾನುವಾರ ತತ್ವಜ್ಞಾನಿ ಹ್ಯೂಮ್. ಬೋರ್ಡಿನ ಸೀಮೆಸುಣ್ಣ ಮುಗಿದಿದೆ, ಯಾರಾದರೂ ತನ್ನಿ.