ಎಡಿಎಚ್‌ಡಿ ಎನ್ನುವ ಮುನ್ನ ಹುಟ್ಟಿದ ತಾರೀಖು ನೋಡಿ

ವರ್ಷದ ಮೊದಲ ಕಿರುಪರೀಕ್ಷೆ ಎಫ್‌ಎ-1ರ ಅಂಕ ಬಂದು, ಮೊದಲ ಪೋಷಕರ ಸಭೆ ಮುಗಿಯುತ್ತಿದ್ದಂತೆ ಮಕ್ಕಳ ಮನೋವೈದ್ಯರ ಓಪಿಡಿಗೆ ಶಾಲೆಯ ಡೈರಿಗಳು ಬರತೊಡಗುತ್ತವೆ. ‘ಒಂದು ಕಡೆ ಕೂರುವುದಿಲ್ಲ’, ‘ಬೋರ್ಡ್ ನೋಡಿ ಬರೆಯುವುದು ಅರ್ಧಕ್ಕೇ ನಿಲ್ಲುತ್ತದೆ’, ‘ಪಕ್ಕದವರಿಗೂ ಬರೆಯಲು ಬಿಡುವುದಿಲ್ಲ’. ಮೊದಲೆಲ್ಲ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಎಂದರೇನು ಎಂದು ನಾವೇ ತಂದೆತಾಯಿಗೆ ಬಿಡಿಸಿ ಹೇಳಬೇಕಿತ್ತು. ಈಗ ಅವರೇ ಆ ಹೆಸರು ಹಿಡಿದು ಬರುತ್ತಾರೆ. ಶಾಲೆಯವರು ಹೇಳಿರುತ್ತಾರೆ, ಇಲ್ಲವೇ ರೀಲ್ಸ್‌ನಲ್ಲಿ ನೋಡಿರುತ್ತಾರೆ. ಜೊತೆಗೆ ಬಂದ ಅಜ್ಜಿ ಮಾತ್ರ, ‘ಏನೂ ಇಲ್ಲ ಬಿಡಿ ಡಾಕ್ಟ್ರೇ, ಇವನಪ್ಪನೂ ಹಿಂಗೇ ಇದ್ದ’ ಅನ್ನುತ್ತಾರೆ.

ಅಜ್ಜಿಯ ಮಾತನ್ನು ನಾನು ಫೈಲಿನಲ್ಲಿ ಬರೆದುಕೊಳ್ಳುತ್ತೇನೆ. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರುವಂಥದ್ದು. ಅವಳಿ ಮಕ್ಕಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರೆ, ಮಗುವಿನಿಂದ ಮಗುವಿಗೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 74ರಷ್ಟು ಪಾಲು ವಂಶವಾಹಿಗಳದ್ದು. ಅಂಥ ಅಪ್ಪಂದಿರಲ್ಲಿ ಎಷ್ಟೋ ಜನ ಎರಡು ಸಲ ಫೇಲಾಗಿ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಗ್ಯಾರೇಜೋ ಹೊಲವೋ ಸೇರಿಕೊಂಡವರು. ಅವರನ್ನು ಯಾರೂ ಆಸ್ಪತ್ರೆಗೆ ಕರೆತರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹಿಂದೆ ಸದ್ದಿಲ್ಲದೆ ಶಾಲೆ ತೊರೆಯುತ್ತಿದ್ದ ಹುಡುಗನ ಕಷ್ಟ ಈಗ ಟೀಚರ ಕಣ್ಣೆದುರೇ ವರ್ಷಗಟ್ಟಲೆ ಇರುತ್ತದೆ. ನಮ್ಮಲ್ಲಿ ಹೆಚ್ಚು ಮಕ್ಕಳು ತಪಾಸಣೆಗೆ ಬರಲು ಇದೂ ಒಂದು ಕಾರಣ, ಒಳ್ಳೆಯ ಕಾರಣ.

ಏರಿಕೆಯ ಲೆಕ್ಕವನ್ನು ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ದೇಶ ಅಮೆರಿಕ. ಅಲ್ಲಿ 4ರಿಂದ 17 ವರ್ಷದ ಮಕ್ಕಳಲ್ಲಿ ಎಡಿಎಚ್‌ಡಿ ಎನಿಸಿಕೊಂಡವರ ಪ್ರಮಾಣ 1997–98ರಲ್ಲಿ ಶೇ 6.1 ಇದ್ದದ್ದು 2015–16ರಲ್ಲಿ ಶೇ 10.2 ಆಯಿತು. 2022ರ ಇನ್ನೊಂದು ಸಮೀಕ್ಷೆಯಲ್ಲಿ 3ರಿಂದ 17 ವರ್ಷದವರಲ್ಲಿ ಶೇ 11.4, ಅಂದರೆ ಸುಮಾರು 71 ಲಕ್ಷ ಮಕ್ಕಳು. ಇದು ವೈದ್ಯರು ಕೊಟ್ಟ ಹೆಸರಿನ ಲೆಕ್ಕ. ಸಂಶೋಧಕರು ತಾವೇ ಮಕ್ಕಳನ್ನು ಪರೀಕ್ಷಿಸಿದಾಗ ಸಿಗುವ ಲೆಕ್ಕ ಬೇರೆ. ಅಂಥ ಅಧ್ಯಯನಗಳನ್ನು ಜಗತ್ತಿನಾದ್ಯಂತ ಕೂಡಿಹಾಕಿ 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಪ್ರಮಾಣ ಶೇ 5.3ರ ಆಸುಪಾಸು ಇತ್ತು. 2014ರಲ್ಲಿ ಮತ್ತೆ ನೋಡಿದಾಗ, ಅಳೆಯುವ ಕ್ರಮ ಒಂದೇ ಆಗಿದ್ದರೆ ಮೂರು ದಶಕಗಳಲ್ಲಿ ಏರಿಕೆಯೇ ಕಾಣಲಿಲ್ಲ. ವಂಶವಾಹಿಗಳು ಇಪ್ಪತ್ತು ವರ್ಷದಲ್ಲಿ ಬದಲಾಗುವಂಥವೂ ಅಲ್ಲ. ಬಹುಪಾಲು ಹೆಚ್ಚಿರುವುದು ನಾವು ಗುರುತಿಸುವುದು.

ಗುರುತಿಸುವ ನಿಯಮಗಳೂ ಸಡಿಲಗೊಂಡಿವೆ. ಅಮೆರಿಕದ ಮನೋವೈದ್ಯರ ಕೈಪಿಡಿಯ 1994ರ ಆವೃತ್ತಿಯ ಪ್ರಕಾರ ಲಕ್ಷಣಗಳು ಏಳು ವರ್ಷದೊಳಗೇ ಕಾಣಿಸಿರಬೇಕಿತ್ತು. 2013ರ ಆವೃತ್ತಿ ಅದನ್ನು ಹನ್ನೆರಡಕ್ಕೆ ಏರಿಸಿತು. ಆಟಿಸಂ ಇದ್ದ ಮಗುವಿಗೆ ಎಡಿಎಚ್‌ಡಿಯೂ ಇದೆ ಎಂದು ಬರೆಯಲು ಅಲ್ಲಿಯವರೆಗೆ ಅವಕಾಶವಿರಲಿಲ್ಲ, ಆಗ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ವರ್ಗೀಕರಣಕ್ಕೆ ಗಮನದ ಕೊರತೆ, ಅತಿಚಟುವಟಿಕೆ ಎರಡೂ ಬೇಕಿತ್ತು. 2022ರಿಂದ ಜಾರಿಯಲ್ಲಿರುವ ಅದರ ಹೊಸ ಆವೃತ್ತಿ ಐಸಿಡಿ-11ರಲ್ಲಿ, ಗಲಾಟೆ ಮಾಡದೆ ಬರೀ ಗಮನ ಕಳೆದುಕೊಳ್ಳುವ ಮಗುವಿಗೂ ಜಾಗವಿದೆ.

ಇದರಿಂದ ಹೆಚ್ಚು ಲಾಭವಾದದ್ದು ಹೆಣ್ಣುಮಕ್ಕಳಿಗೆ. ಮೂರನೇ ಬೆಂಚಿನಲ್ಲಿ ಸುಮ್ಮನೆ ಕೂತಿರುವ ಹುಡುಗಿಯ ಬಗ್ಗೆ ಯಾವ ಟೀಚರೂ ದೂರು ಬರೆಯುವುದಿಲ್ಲ. ಹೋಂವರ್ಕ್ ಮಾಡಿರುತ್ತಾಳೆ, ಪುಸ್ತಕ ಮನೆಯಲ್ಲಿ ಬಿಟ್ಟಿರುತ್ತಾಳೆ. ಒಂದೇ ವರ್ಷದಲ್ಲಿ ಮೂರನೇ ಜಾಮಿಟ್ರಿ ಬಾಕ್ಸ್. ಲೆಕ್ಕದ ರೀತಿ ಸರಿ ಇರುತ್ತದೆ, ನಡುವೆ ಒಂದು ಸಂಖ್ಯೆ ಎತ್ತಿ ಬರೆಯುವಾಗ ತಪ್ಪಿರುತ್ತದೆ. ವರ್ಷ ವರ್ಷವೂ ಪ್ರಗತಿಪತ್ರದಲ್ಲಿ ಅದೇ ಷರಾ: ‘ಜಾಣೆ, ಆದರೆ ಉದಾಸೀನ.’ ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ತಾನು ದಡ್ಡಿ ಎಂದು ಅವಳೇ ನಂಬಿರುತ್ತಾಳೆ, ನಮ್ಮ ಬಳಿಗೆ ಬರುವುದು ಬೇಸರ, ಅಳು, ನಿದ್ದೆಗೇಡು ಎಂದು. ಇಂಥ ಹುಡುಗಿಯರಿಂದ ಸಂಖ್ಯೆ ಏರಿದರೆ ಏರಲಿ. ಅವರಲ್ಲಿ ಇನ್ನೂ ಎಷ್ಟೋ ಜನ ನಮ್ಮ ಕಣ್ಣಿಗೇ ಬಿದ್ದಿಲ್ಲ.

ನನಗೆ ಆತಂಕ ಇರುವುದು ಒಂದನೇ ಕ್ಲಾಸಿನ ಪುಟ್ಟ ಮಕ್ಕಳ ಬಗ್ಗೆ. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನವನ್ನು ಪ್ರತಿ ಶಾಲೆಯ ಸ್ಟಾಫ್ ರೂಮಿನಲ್ಲೂ ಓದಿ ಹೇಳಬೇಕು ಅನಿಸುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಶಾಲೆಗೆ ಸೇರಲು ಸೆಪ್ಟೆಂಬರ್ 1ರೊಳಗೆ ಐದು ವರ್ಷ ತುಂಬಿರಬೇಕು. ಅಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಮಗು ತರಗತಿಗೇ ಕಿರಿಯದು. ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು ಒಂದು ವರ್ಷ ಕಾದು ಸೇರುವುದರಿಂದ ತನ್ನ ತರಗತಿಗೇ ಹಿರಿಯದು. ಆಗಸ್ಟ್ ಮಕ್ಕಳಲ್ಲಿ ಹತ್ತು ಸಾವಿರಕ್ಕೆ 85.1 ಮಂದಿಗೆ ಎಡಿಎಚ್‌ಡಿ ಎಂದು ಹೇಳಲಾಗಿತ್ತು, ಸೆಪ್ಟೆಂಬರ್ ಮಕ್ಕಳಲ್ಲಿ 63.6 ಮಂದಿಗೆ. ಮೂರನೇ ಒಂದು ಪಾಲಿನಷ್ಟು ಹೆಚ್ಚು. ಈ ನಿಯಮ ಇಲ್ಲದ ರಾಜ್ಯಗಳಲ್ಲಿ ಇಂಥ ಅಂತರ ಕಾಣಲಿಲ್ಲ. ಹುಟ್ಟಿದ ತಿಂಗಳೇ ಕಾರಣವಲ್ಲ ಎಂದಮೇಲೆ, ಆ ಹೆಚ್ಚುವರಿ ಮಕ್ಕಳಿಗೆ ಇದ್ದದ್ದು ವಯಸ್ಸಿನ ಕೊರತೆ ಅಷ್ಟೇ. ಆರು ವರ್ಷದ ಮಗುವಿಗೆ ಒಂದು ವರ್ಷ ಎಂದರೆ ಬದುಕಿನ ಆರನೇ ಒಂದು ಪಾಲು. ಪೆನ್ಸಿಲ್ ಹಿಡಿತ, ಸರದಿಗೆ ಕಾಯುವುದು, ಇಪ್ಪತ್ತು ನಿಮಿಷ ಕೂರುವುದು, ಇವೆಲ್ಲ ಆ ಒಂದು ವರ್ಷದಲ್ಲೇ ಬರುವಂಥವು.

ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಎಂದು 2022ರಲ್ಲಿ ಆದೇಶವಾಯಿತು. ಜಾರಿಗೆ ಬರಬೇಕಿದ್ದ 2025–26ರಲ್ಲಿ ಪೋಷಕರ ಒತ್ತಾಯಕ್ಕೆ ಆ ಸಾಲಿನ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಯಿತು. ಒಂದು ವರ್ಷ ಹಾಳಾಗುತ್ತದೆ ಎಂಬ ಪೋಷಕರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಂಥ ತರಗತಿಯಲ್ಲಿ ಐದೂವರೆಯ ಮಗುವೂ ಆರೂಮುಕ್ಕಾಲರ ಮಗುವೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಡಿಕ್ಟೇಷನ್ ಬರೆಯುತ್ತವೆ. ಆದ್ದರಿಂದ ಲಕ್ಷಣಗಳ ಪಟ್ಟಿ ತೆಗೆಯುವ ಮೊದಲು ನಾನು ಕೇಳುವುದು ಹುಟ್ಟಿದ ತಾರೀಖು. ಬಳಿಕ ಆ ಸೆಕ್ಷನ್ನಿನ ಉಳಿದ ಮಕ್ಕಳ ವಯಸ್ಸು. ಟೀಚರಿಗೆ ಫೋನ್ ಮಾಡಿ ‘ಇದೇ ವಯಸ್ಸಿನ ಇನ್ನೊಂದು ಮಗುವಿನ ಪಕ್ಕ ಇಟ್ಟು ಹೇಳಿ ಮೇಡಂ’ ಎಂದರೆ, ಎಷ್ಟೋ ಸಲ ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವೇ ಬರುವುದಿಲ್ಲ.

ಅಮೆರಿಕದ ಕಾರಣಗಳೆಲ್ಲ ನಮಗೆ ಅನ್ವಯಿಸುವುದಿಲ್ಲ. ಅಲ್ಲಿ ಎಡಿಎಚ್‌ಡಿ ಮಾತ್ರೆಗಳ ಜಾಹೀರಾತನ್ನು ನೇರವಾಗಿ ಜನರಿಗೇ ತೋರಿಸಬಹುದು, ಎಡಿಎಚ್‌ಡಿ ಎಂದು ಬರೆದರೆ ಶಾಲೆಯಲ್ಲಿ ವಿಶೇಷ ಸೌಲಭ್ಯವೂ ಸಿಗಬಹುದು. ನಮ್ಮಲ್ಲಿ ವೈದ್ಯರ ಚೀಟಿ ಬೇಕಾದ ಮಾತ್ರೆಯ ಜಾಹೀರಾತು ಜನರಿಗೆ ತೋರಿಸುವಂತಿಲ್ಲ, ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಗೆ ಪ್ರತ್ಯೇಕ ಹೆಸರಿಲ್ಲ. ಎಲ್‌ಕೆಜಿಯಲ್ಲೇ ಬರೆಸುವ ಆತುರ, ಅರುವತ್ತು ಮಕ್ಕಳ ಕ್ಲಾಸು, ಅಂಕದ ಒತ್ತಡ ಇವು ಮಾತ್ರ ನಮ್ಮವೇ.

ಎಡಿಎಚ್‌ಡಿಯಂತೆಯೇ ಕಾಣುವ ಬೇರೆ ತೊಂದರೆಗಳೂ ಇವೆ. ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಊದಿ ರಾತ್ರಿಯೆಲ್ಲ ಬಾಯಿ ತೆರೆದು ಗೊರಕೆ ಹೊಡೆಯುವ ಮಗು ಹಗಲು ತೂಕಡಿಸುವುದಿಲ್ಲ, ಕುಣಿದಾಡುತ್ತದೆ. ಕಿವಿಯಲ್ಲಿ ನೀರು ತುಂಬಿದ ಮಗುವಿಗೆ ಕರೆದದ್ದೇ ಕೇಳಿಸಿರುವುದಿಲ್ಲ. ಕೆಲವು ಸೆಕೆಂಡು ಎವೆಯಿಕ್ಕದೆ ನಿಂತುಬಿಡುವ ಮಗುವಿಗೆ ಒಂದು ಬಗೆಯ ಮೂರ್ಛೆ ಇರಬಹುದು, ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಮಾಡಿದರೆ ತಿಳಿಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 65.5 ಮಕ್ಕಳಿಗೆ ರಕ್ತಹೀನತೆ ಇತ್ತು. ಕಬ್ಬಿಣಾಂಶ ಕಡಿಮೆಯಾದ ಮಗುವಿನ ಗಮನವೂ ನಿಲ್ಲುವುದಿಲ್ಲ, ಸಿಡುಕೂ ಹೆಚ್ಚು. ಓದಲು ಬಾರದ ಮಗು ಪುಸ್ತಕದಿಂದ ಕಣ್ಣು ಕೀಳುವುದು ಸಹಜ. ಮನೆಯಲ್ಲಿ ಹೊಡೆತ, ಕುಡಿತ ಇದ್ದರೆ ಮಗುವಿನ ಕಿವಿ ಸದಾ ಬಾಗಿಲಿನ ಕಡೆಗೇ ಇರುತ್ತದೆ. ಈ ಕೊನೆಯದು ಯಾವ ಫಾರ್ಮಿನಲ್ಲೂ ಬರುವುದಿಲ್ಲ, ಮಗುವಿನ ಜೊತೆ ಒಬ್ಬರೇ ಕೂತು ಮಾತಾಡಿದರೆ ಮಾತ್ರ ಗೊತ್ತಾಗುತ್ತದೆ.

ಮೊಬೈಲಿನಿಂದಲೇ ಬಂತಾ ಎಂದು ಎಲ್ಲರೂ ಕೇಳುತ್ತಾರೆ. ಲಾಸ್ ಏಂಜಲೀಸ್‌ನ ಹೈಸ್ಕೂಲ್ ಮಕ್ಕಳನ್ನು ಎರಡು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಬೈಲ್ ಸೇರಿದಂತೆ ಡಿಜಿಟಲ್ ಮಾಧ್ಯಮಗಳನ್ನು ಹೆಚ್ಚು ಬಳಸಿದವರಲ್ಲಿ ಲಕ್ಷಣಗಳು ತುಸು ಹೆಚ್ಚು ಕಂಡವು. ನಂಟು ಇದೆ, ಸಣ್ಣದು. ನನ್ನ ಅನುಭವದಲ್ಲಿ ಮೊಬೈಲ್ ಕಸಿಯುವುದು ಮೊದಲು ನಿದ್ದೆಯನ್ನು. ಹನ್ನೊಂದೂವರೆಗೆ ಮಲಗಿ ಆರಕ್ಕೆ ಎದ್ದು ಸ್ಕೂಲ್ ಬಸ್ ಹತ್ತುವ ಏಳು ವರ್ಷದ ಮಗುವಿಗೆ ಯಾವ ಹೆಸರೂ ಕೊಡುವ ಮೊದಲು ಮೂರು ವಾರ ಒಂಬತ್ತಕ್ಕೆ ಮಲಗಿಸಿ ಕರೆತನ್ನಿ ಎನ್ನುತ್ತೇನೆ. ಅಮ್ಮ ಒಪ್ಪುತ್ತಾರೆ. ಕಷ್ಟವಾಗುವುದು ರಾತ್ರಿ ಹತ್ತಕ್ಕೆ ಮನೆಗೆ ಬಂದು ಮಗನ ಜೊತೆ ಆಡಬೇಕೆನ್ನುವ ಅಪ್ಪನಿಗೆ, ಅವರ ಜೊತೆ ಬೇರೆಯೇ ಮಾತಾಡಬೇಕಾಗುತ್ತದೆ.

ಸರಿಯಾದ ತಪಾಸಣೆಗೆ ಸಮಯ ಹಿಡಿಯುತ್ತದೆ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ, ಶಾಲೆ ಎರಡೂ ಕಡೆ ಕಾಣಬೇಕು, ಅವುಗಳಿಂದ ಮಗುವಿನ ಓದಿಗೋ ಗೆಳೆತನಕ್ಕೋ ನಿಜವಾದ ಪೆಟ್ಟು ಬಿದ್ದಿರಬೇಕು. ಮಗು ನನ್ನ ಕೋಣೆಯಲ್ಲಿ ಕುಣಿದದ್ದಕ್ಕೂ ಸುಮ್ಮನೆ ಕೂತದ್ದಕ್ಕೂ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಹೊಸ ಜಾಗದಲ್ಲಿ ಎಲ್ಲ ಮಕ್ಕಳೂ ಬೇರೆಯಾಗಿ ವರ್ತಿಸುತ್ತಾರೆ. ಇಪ್ಪತ್ತು ನಿಮಿಷದಲ್ಲಿ, ಶಾಲೆಯವರನ್ನು ಒಂದು ಮಾತೂ ಕೇಳದೆ ವರದಿ ಕೊಟ್ಟಿದ್ದರೆ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಆರು ವರ್ಷದೊಳಗಿನ ಮಗುವಾದರೆ ಮಾತ್ರೆಗಿಂತ ಮೊದಲು ತಂದೆತಾಯಿಗೆ ತರಬೇತಿ. ದೊಡ್ಡ ಮಗುವಿಗೆ ಎಡಿಎಚ್‌ಡಿ ಖಚಿತವಾದರೆ ಮಾತ್ರೆಗೆ ಹೆದರಬೇಡಿ, ತೂಕ, ಎತ್ತರ, ಬಿಪಿ ನೋಡಿಕೊಂಡು ಕೊಟ್ಟರೆ ಅದು ಕೆಲಸ ಮಾಡುತ್ತದೆ.

ಇದಕ್ಕಾಗಿ ಎಲ್ಲರೂ ನಿಮ್ಹಾನ್ಸ್‌ಗೇ ಬರಬೇಕಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಡಿಇಐಸಿ ಕೇಂದ್ರ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಇದೆಯೇ ವಿಚಾರಿಸಿ. ಕಿವಿ, ಮಾತಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಎರಡು ವರ್ಷದ ನೋಟ್‌ಬುಕ್ಕುಗಳು, ಒಬ್ಬರಲ್ಲ, ಇಬ್ಬರು ಟೀಚರು ಬರೆದ ಟಿಪ್ಪಣಿ, ಮಗು ಮಲಗುವ ಏಳುವ ವೇಳೆಯನ್ನು ಎರಡು ವಾರ ಗುರುತು ಹಾಕಿದ ಹಾಳೆ ಇಷ್ಟನ್ನು ತೆಗೆದುಕೊಂಡು ಹೋಗಿ.