ಅಂಗಡಿಯಲ್ಲಿ ತುಂಬಿ ಕೇಳಿದ ಬೇಸ್ ಮನೆಗೆ ಬಂದ ಮೇಲೆ ಬದಲಾಗುವುದೇಕೆ?

ಓದುಗರ ಪ್ರಶ್ನೆ: ಬೇಸ್ ಹೆಚ್ಚಿರುವ ಇಯರ್‌ಫೋನ್ ಒಂದನ್ನು ಅಂಗಡಿಯಲ್ಲಿ ಎರಡು ನಿಮಿಷ ಕೇಳಿ, ಮೆಚ್ಚಿ ತಂದೆ. ಮನೆಯಲ್ಲಿ ಒಮ್ಮೆ ಬೇಸ್ ಇಲ್ಲವೇ ಇಲ್ಲವೆನ್ನಿಸುತ್ತದೆ, ಇನ್ನೊಮ್ಮೆ ಹಾಡಿನ ಸಾಹಿತ್ಯವೇ ಮುಳುಗಿಹೋಗುವಷ್ಟು ಹೆಚ್ಚೆನ್ನಿಸುತ್ತದೆ. ಅರ್ಧ ಗಂಟೆಯಾಗುವಷ್ಟರಲ್ಲಿ ಎಡಗಿವಿ ನೋಯುತ್ತದೆ. ಇಂಥ ಇಯರ್‌ಫೋನಿನ ಸದ್ದನ್ನೂ ಹಿತವನ್ನೂ ಸರಿಯಾಗಿ ಅಳೆಯುವುದು ಹೇಗೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಪದೇ ಪದೇ ಬರುತ್ತದೆ, ಮತ್ತು ಹೆಚ್ಚಿನವರು ಸದ್ದಿನದೊಂದು, ನೋವಿನದೊಂದು ಎಂದು ಎರಡು ದೂರುಗಳನ್ನು ಬೇರೆಯಾಗಿಯೇ ಹೇಳುತ್ತಾರೆ. ಕಿವಿಯೊಳಗೆ ಕೂರುವ ಇಯರ್‌ಫೋನಿನ ಮಟ್ಟಿಗೆ ಅವೆರಡನ್ನೂ ಒಂದೇ ದೂರೆಂದು ಹಿಡಿದು ಹೊರಟರೆ ಬೇಗ ದಾರಿ ಸಿಗುತ್ತದೆ. ತುದಿಯಲ್ಲಿರುವ ಪುಟ್ಟ ರಬ್ಬರ್ ಟಿಪ್ ಕಿವಿಯ ನಾಳದಲ್ಲಿ ಹೇಗೆ ಕೂತಿದೆ ಎಂಬುದರ ಮೇಲೆಯೇ ಬೇಸ್ ಎಷ್ಟು ಕೇಳುತ್ತದೆ ಎಂಬುದೂ, ನೋವಿಲ್ಲದೆ ಎಷ್ಟು ಹೊತ್ತು ಕೇಳಬಹುದು ಎಂಬುದೂ ನಿಂತಿದೆ.

ಕೋಣೆಯಲ್ಲಿಟ್ಟ ಸ್ಪೀಕರ್ ಮಂದ್ರ ನಾದವನ್ನು, ಅಂದರೆ ಬೇಸನ್ನು, ಹೊರಡಿಸಬೇಕಾದರೆ ಬಹಳಷ್ಟು ಗಾಳಿಯನ್ನು ತಳ್ಳಬೇಕು, ಅದಕ್ಕಾಗಿಯೇ ಅದರ ಕೋನ್ ಅಂಗೈಗಿಂತ ಅಗಲವಾಗಿರುತ್ತದೆ. ಇಯರ್‌ಫೋನಿನೊಳಗೆ ಸದ್ದು ಹೊರಡಿಸುವ 10 ಮಿಲಿಮೀಟರಿನ ಡ್ರೈವರ್‌ಗೆ ಅಷ್ಟು ಶಕ್ತಿಯಿಲ್ಲ, ಅದರ ಅಗತ್ಯವೂ ಇಲ್ಲ. ಟಿಪ್‌ಗೂ ಕಿವಿತಮಟೆಗೂ ನಡುವೆ ಸಿಕ್ಕಿಕೊಂಡ, ಒಂದು ಚಮಚಕ್ಕಿಂತಲೂ ಕಡಿಮೆಯಾದ ಗಾಳಿಯನ್ನು ಅದು ಒತ್ತಿ ಸಡಿಲಿಸಿದರೆ ಸಾಕು. ಆ ಜಾಗ ಪೂರ್ತಿ ಮುಚ್ಚಿದ್ದರೆ ಮಾತ್ರ ಈ ಒತ್ತಡ ನಿಲ್ಲುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳನ್ನು ಸಡಿಲವಾಗಿ ಹಿಡಿದು ನಿಧಾನವಾಗಿ ಒತ್ತಿದರೆ ಗಾಳಿ ಸಂದಿನಿಂದ ಜಾರಿಹೋಗುತ್ತದೆ, ಥಟ್ಟನೆ ಒತ್ತಿದರೆ ಬೆರಳಿಗೆ ಒತ್ತಡ ತಟ್ಟುತ್ತದೆ. ಸೆಕೆಂಡಿಗೆ 40 ಬಾರಿ ಕಂಪಿಸುವ ಮಂದ್ರ ನಾದ ಆ ನಿಧಾನದ ಒತ್ತಿನಂತೆ, 4000 ಬಾರಿ ಕಂಪಿಸುವ ತಾರ ನಾದ ಥಟ್ಟನೆಯ ಒತ್ತಿನಂತೆ. ಆದ್ದರಿಂದ ಟಿಪ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಮೊದಲು ಸೋರಿಹೋಗುವುದು ಬೇಸ್. ಉಳಿದದ್ದು ತಗಡಿನ ಡಬ್ಬದಿಂದ ಬಂದಂತೆ ಕೇಳುತ್ತದೆ. ‘ಇಲ್ಲವೇ ಇಲ್ಲ’ ಎಂದು ನೀವು ಬರೆದಿರುವ ಹೊತ್ತಿನಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ.

ಇದನ್ನು ಪರೀಕ್ಷಿಸಲು ದುಡ್ಡು ಖರ್ಚಾಗುವುದಿಲ್ಲ. ಫೋನಿನಲ್ಲಿ ಸ್ವರ ಹೊರಡಿಸುವ ಉಚಿತ ಆಪ್ ಒಂದನ್ನು ಹಾಕಿಕೊಂಡು 50 ಹರ್ಟ್ಸಿನ, ಅಂದರೆ ಸೆಕೆಂಡಿಗೆ 50 ಬಾರಿ ಕಂಪಿಸುವ, ನಾದವನ್ನು ಮೆಲ್ಲಗೆ ಹಚ್ಚಿ. ರಸ್ತೆಬದಿಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು 100 ಹರ್ಟ್ಸಿನಲ್ಲಿ. ಇದು ಅದಕ್ಕಿಂತ ಒಂದು ಸ್ಥಾಯಿ ಕೆಳಗಿನದು. ಈಗ ಇಯರ್‌ಫೋನನ್ನು ಬೆರಳ ತುದಿಯಿಂದ ತೀರಾ ಹಗುರವಾಗಿ ಒಳಕ್ಕೆ ಒತ್ತಿ ನೋಡಿ. ನಾದ ಒಮ್ಮೆಲೇ ಉಬ್ಬಿ ಬಂದರೆ ಅಲ್ಲಿಯವರೆಗೆ ಸೋರಿಕೆ ಇತ್ತೆಂದು ಅರ್ಥ. ನಾನು ಹೀಗೆ ನೋಡಿಕೊಂಡಾಗ ಬಲಗಿವಿಯಲ್ಲಿ ಏನೂ ಬದಲಾಗಲಿಲ್ಲ, ಎಡಗಿವಿಯಲ್ಲಿ ಮಾತ್ರ ನಾದ ಎರಡರಷ್ಟಾದಂತೆ ಕೇಳಿತು. ಡಬ್ಬಿಯಲ್ಲಿ ಕೊಟ್ಟಿದ್ದ ದೊಡ್ಡ ಟಿಪ್ಪನ್ನು ಎಡಕ್ಕೆ ಹಾಕಿದೆ. ಸೋರಿಕೆ ನಿಂತಿತು, ಆದರೆ ಇಪ್ಪತ್ತು ನಿಮಿಷದೊಳಗೆ ನೋವು ಶುರುವಾಯಿತು. ಕೊನೆಗೆ ಸರಿಹೋದದ್ದು ಎಡಕ್ಕೆ ಚಿಕ್ಕದು, ಬಲಕ್ಕೆ ಮಧ್ಯಮದ್ದು. ಚಿಕ್ಕ ಟಿಪ್ ನಾಳದ ತಿರುವಿನ ಆಚೆಗೆ ಸ್ವಲ್ಪ ಒಳಗೆ ಹೋಗಿ ಸುತ್ತಲೂ ಹೊಂದಿಕೊಂಡಿತ್ತು, ದೊಡ್ಡದು ಬಾಯಲ್ಲೇ ಮಡಿಚಿಕೊಂಡು ನಿಲ್ಲುತ್ತಿತ್ತು. ಒಬ್ಬರದೇ ಎರಡು ಕಿವಿಗಳು ಒಂದೇ ಅಳತೆಯವಾಗಿರಬೇಕೆಂದಿಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಹೇಳಬೇಕಾದ ಮೊದಲ ಮಾತು ಅದು.

ಹಾಕಿಕೊಳ್ಳುವ ಕ್ರಮವೂ ಮುಖ್ಯ. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದರೆ ನಾಳ ನೆಟ್ಟಗಾಗುತ್ತದೆ, ಆಗ ಟಿಪ್ಪನ್ನು ಸ್ವಲ್ಪ ತಿರುಗಿಸುತ್ತ ಒಳಕ್ಕಿಟ್ಟು ಕಿವಿಯನ್ನು ಬಿಡಬೇಕು. ಒಳಗಿಡುವಾಗ ಚಟಚಟ ಎಂಬ ಸಣ್ಣ ಸದ್ದು ಬಂದರೆ ಅದು ಸಿಕ್ಕಿಕೊಂಡ ಗಾಳಿ ಡ್ರೈವರಿನ ತೆಳು ಪೊರೆಯನ್ನು ಬಗ್ಗಿಸುವ ಸದ್ದು. ಮೆಲ್ಲಗೆ ಹಾಕಿಕೊಂಡರೆ ಕಡಿಮೆಯಾಗುತ್ತದೆ. ಹೆಚ್ಚಿನ ಇಯರ್‌ಫೋನುಗಳ ಮೈಮೇಲೆ ಈ ಒತ್ತಡ ಹೊರಹೋಗಲೆಂದೇ ಸೂಜಿಮೊನೆಯಷ್ಟು ರಂಧ್ರವಿರುತ್ತದೆ, ಅದು ಕಿವಿಯ ಚರ್ಮಕ್ಕೆ ಒತ್ತಿ ಮುಚ್ಚಿಕೊಂಡರೆ ಬೇಸ್ ಬದಲಾಗುತ್ತದೆ. ಕೂತ ಮೇಲೆ ಒಂದು ಕೋಡುಬಳೆ ಅಗಿದು ನೋಡಿ, ಇಲ್ಲವೇ ಗಟ್ಟಿಯಾಗಿ ನಾಲ್ಕು ಮಾತಾಡಿ. ದವಡೆ ಆಡಿದಾಗ ನಾಳದ ಆಕಾರವೂ ಅಲುಗುವುದರಿಂದ ಅಂಚಿನಲ್ಲಿ ನಿಂತ ಟಿಪ್ ಕೂಡಲೇ ಸಡಿಲವಾಗುತ್ತದೆ.

ನೋವು ಎಲ್ಲಿದೆ ಎಂಬುದನ್ನು ಬೆರಳಿಟ್ಟು ಗುರುತಿಸಿದರೆ ಕಾರಣ ತಾನಾಗಿ ತಿಳಿಯುತ್ತದೆ. ನಾಳದ ಬಾಯಲ್ಲಿ ಸುತ್ತಲೂ ಉರಿದರೆ ಟಿಪ್ ದೊಡ್ಡದು. ಹೊರಗಿವಿಯ ಬಟ್ಟಲಿನ ಒಂದೇ ಕಡೆ ಕೆಂಪಾಗಿ ನೋಯುತ್ತಿದ್ದರೆ ಇಯರ್‌ಫೋನಿನ ಒಡಲು ಅಲ್ಲಿ ಒತ್ತುತ್ತಿದೆ, ಇದಕ್ಕೆ ಟಿಪ್ ಬದಲಾಯಿಸಿ ಪ್ರಯೋಜನವಿಲ್ಲ, ಆ ಆಕಾರವೇ ನಿಮ್ಮ ಕಿವಿಗಲ್ಲ. ನೋವಿಲ್ಲದೆ ಬರೀ ಬಿಗಿದ ಅನುಭವ, ನಡೆದರೆ ಹೆಜ್ಜೆಯ ಸದ್ದು ತಲೆಯೊಳಗೆ ದಬದಬ ಕೇಳುವುದು, ಸ್ವಂತ ದನಿ ಕೊಡದೊಳಗಿಂದ ಬಂದಂತಾಗುವುದು, ಇವೆಲ್ಲ ನಾಳ ಮುಚ್ಚಿಕೊಂಡಿರುವುದರ ಲಕ್ಷಣಗಳು. ಬೇಸ್ ಬೇಕಾದವರು ಇದನ್ನು ಒಂದಿಷ್ಟು ಸಹಿಸಲೇಬೇಕು. ಹಿತದ ಬಗ್ಗೆ ತೀರ್ಮಾನಿಸಲು ಎರಡು ನಿಮಿಷ ಯಾತಕ್ಕೂ ಸಾಲದು. ನಲವತ್ತು ನಿಮಿಷ ಒಂದೇ ಸಮನೆ ಹಾಕಿಕೊಂಡಿದ್ದು ನೋಡಬೇಕು, ಆದ್ದರಿಂದ ಹಿಂದಿರುಗಿಸುವ ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಟಿಪ್ ಸರಿಯಾಗಿ ಕೂತ ಮೇಲೆಯೇ ಸದ್ದಿನ ಮಾತು. ‘ವಾರ್ಮ್’ ಎಂದು ಕರೆಯುವ ಬೆಚ್ಚನೆಯ ಸದ್ದಿನಲ್ಲಿ ಸುಮಾರು 60ರಿಂದ 300 ಹರ್ಟ್ಸಿನವರೆಗಿನ ಭಾಗ ಉಬ್ಬಿರುತ್ತದೆ, ಮೇಲಿನ ಭಾಗ ತಗ್ಗಿರುತ್ತದೆ. ಇದನ್ನು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆಡಿಯೊ ಉಪಕರಣಗಳನ್ನು ತಯಾರಿಸುವ ಹರ್ಮನ್ ಸಂಸ್ಥೆಯಲ್ಲಿ ಷಾನ್ ಆಲಿವ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಕೇಳುವಿಕೆಯ ಪರೀಕ್ಷೆಗಳಲ್ಲಿ ಬಹುಪಾಲು ಜನ ಸಮತಟ್ಟಾದ ಬೇಸ್‌ಗಿಂತ ಸ್ವಲ್ಪ ಏರಿಸಿದ ಬೇಸನ್ನೇ ಮೆಚ್ಚಿದರು. ತೊಂದರೆಯಿರುವುದು ಉಬ್ಬು ಎಲ್ಲಿಗೆ ನಿಲ್ಲುತ್ತದೆ ಎಂಬುದರಲ್ಲಿ. ಜೋರಾದ ಮಂದ್ರ ನಾದ ತನಗಿಂತ ಮೇಲಿನ ನಾದಗಳನ್ನು ಮರೆಮಾಡುತ್ತದೆ, ಮೇಲಿನದು ಕೆಳಗಿನದನ್ನು ಅಷ್ಟಾಗಿ ಮರೆಮಾಡುವುದಿಲ್ಲ. ಹೀಗಾಗಿ 200 ಹರ್ಟ್ಸಿನ ಆಸುಪಾಸಿನ ಅತಿಯಾದ ಉಬ್ಬು ಗಂಡು ದನಿಯನ್ನು ಕಂಬಳಿ ಹೊದಿಸಿದಂತೆ ಮಾಡಿಬಿಡುತ್ತದೆ. ಇನ್ನೊಂದು ಕಾರಣವೂ ಇದೆ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಮ್ಮ ಕಿವಿಯ ನಾಳ, ತೆರೆದಿರುವಾಗ 3000 ಹರ್ಟ್ಸಿನ ಸುತ್ತಮುತ್ತಲ ನಾದವನ್ನು ಕೊಳಲಿನಂತೆ ತಾನೇ ಹಿಗ್ಗಿಸಿ ಕೊಡುತ್ತದೆ. ಟಿಪ್ ಅದನ್ನು ಮುಚ್ಚಿದಾಗ ಆ ಸಹಜ ಏರಿಕೆ ಕಳೆದುಹೋಗುತ್ತದೆ, ತಯಾರಕರು ಅದನ್ನು ಇಯರ್‌ಫೋನಿನ ಕಡೆಯಿಂದಲೇ ತುಂಬಿಕೊಡಬೇಕು. ತುಂಬದಿದ್ದರೆ ಹಾಡುವವರು ವಾದ್ಯಗಳ ಹಿಂದೆ ಹೋಗಿ ನಿಂತಂತೆ ಕೇಳುತ್ತದೆ.

ಬೇಸಿನ ಗುಣ ನೋಡಲು ನಾನು ಬಳಸುವುದು ಮೃದಂಗದ ತನಿ ಆವರ್ತನವನ್ನು, ಅಂದರೆ ಕಚೇರಿಯ ನಡುವೆ ತಾಳವಾದ್ಯವಷ್ಟೇ ನುಡಿಯುವ ಭಾಗವನ್ನು. ಸಿನಿಮಾ ಹಾಡಿನ ಬೇಸ್ ಸ್ಟುಡಿಯೋದಲ್ಲಿ ಎಷ್ಟಕ್ಕೆ ಕೂರಿಸಿದ್ದಾರೆಂದು ಕೇಳುವವರಿಗೆ ತಿಳಿಯುವಂತಿಲ್ಲ, ಮೃದಂಗದ ನಾದ ಹೇಗಿರಬೇಕೆಂದು ಎದುರು ಕೂತು ಕಚೇರಿ ಕೇಳಿದವರಿಗೆಲ್ಲ ಗೊತ್ತು. ರವೆ ಹಚ್ಚಿದ ಎಡಭಾಗದ ‘ತೊಂ’ ಹುಟ್ಟಿ, ತುಂಬಿ, ನಿಲ್ಲಬೇಕು. ಗುಮ್ಕಿಯಲ್ಲಿ ಅಂಗೈ ಚರ್ಮದ ಮೇಲೆ ಜಾರಿದಾಗ ನಾದ ಕೆಳಗಿನಿಂದ ಮೇಲೇರುವುದು ಸ್ಪಷ್ಟವಾಗಿ ಕೇಳಬೇಕು. ಕಳಪೆ ಇಯರ್‌ಫೋನಿನಲ್ಲಿ ಆ ಏರಿಕೆ ಕಾಣೆಯಾಗಿ, ಎಲ್ಲ ಗುಮ್ಕಿಗಳೂ ಒಂದೇ ಎತ್ತರದ ‘ಧಂ’ ಆಗಿಬಿಡುತ್ತವೆ. ಅಲ್ಲಿ ಕೇಳುತ್ತಿರುವುದು ಮೃದಂಗದ ಸ್ವರಕ್ಕಿಂತ ಹೆಚ್ಚಾಗಿ ಇಯರ್‌ಫೋನಿನ ಸ್ವಂತದ ಸ್ವರ. ಬಲಭಾಗದ ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದದ್ದು. ನಡುವಿನ ಕಪ್ಪು ಲೇಪವಾದ ಕರಣೆಯಿಂದಾಗಿ ಮೃದಂಗ, ತಬಲಾಗಳ ಉಪಸ್ವರಗಳು, ಅಂದರೆ ಮೂಲಸ್ವರದ ಜೊತೆಗೇ ಏಳುವ ಮೇಲಿನ ಸ್ವರಗಳು, ಮೂಲಸ್ವರದೊಂದಿಗೆ ಶ್ರುತಿಬದ್ಧವಾಗಿ ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು 1934ರಲ್ಲಿ, ಬೆಂಗಳೂರಿನಲ್ಲಿ ಆಗಷ್ಟೇ ಹುಟ್ಟಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರಿಸಿದ್ದರು. ಬರೀ ಬಡಿತವಾಗಬಹುದಾಗಿದ್ದನ್ನು ನಾದವಾಗಿಸುವುದು ಆ ಉಪಸ್ವರಗಳೇ. ಬೆಚ್ಚನೆಯ ಇಯರ್‌ಫೋನ್ ಮೇಲಿನ ಉಪಸ್ವರಗಳನ್ನು ನುಂಗಿದರೆ ‘ನಂ’ ಎಂಬ ಪೆಟ್ಟು ಹಲಗೆಯ ಮೇಲೆ ಬಿದ್ದಂತೆ ಕೇಳುತ್ತದೆ. ಹಿಂದೆ ಮಿಡಿಯುತ್ತಿರುವ ತಂಬೂರಿಯ ಜೀವಾಳದ ಝೇಂಕಾರವೂ ಅದರೊಂದಿಗೇ ಮಾಯವಾಗಿರುತ್ತದೆ.

ಮಾತಿನ ಸ್ಪಷ್ಟತೆಗೆ ಇನ್ನೂ ಸುಲಭದ ಅಳತೆಗೋಲು ನಮ್ಮ ನುಡಿಯಲ್ಲೇ ಇದೆ. ‘ಶ’ ಅಕ್ಷರದ ಉಸಿರು ಹೆಚ್ಚಾಗಿ 3000 ಹರ್ಟ್ಸಿನ ಆಸುಪಾಸಿನಲ್ಲಿ ಶುರುವಾಗುತ್ತದೆ, ‘ಸ’ ಅಕ್ಷರದ್ದು ಅದಕ್ಕಿಂತ ಮೇಲೆ, 5000ದಿಂದ ಆಚೆಗೆ. ಸ್ಪಷ್ಟ ಉಚ್ಚಾರದ ವಾರ್ತೆಯನ್ನೋ ಗಮಕ ವಾಚನವನ್ನೋ ಕೇಳುತ್ತ ‘ಶಂಕರ’ ಮತ್ತು ‘ಸಂಕರ’ ಎಂಬಂಥ ಪದಗಳು ಯೋಚಿಸದೆಯೇ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆಯೇ ಎಂದು ಗಮನಿಸಿ. ವಾಕ್ಯದ ಅರ್ಥದಿಂದ ಊಹಿಸಬೇಕಾಗಿ ಬಂದರೆ ಆ ಇಯರ್‌ಫೋನಿನಲ್ಲಿ ಮೇಲಿನ ಭಾಗ ಬೇಕಾದ್ದಕ್ಕಿಂತ ತಗ್ಗಿದೆ, ಅದರ ಬೇಸ್ ಎಷ್ಟೇ ಸೊಗಸಾಗಿರಲಿ.

‘ಇನ್ನೊಮ್ಮೆ ಹೆಚ್ಚು’ ಎನ್ನಿಸುವುದಕ್ಕೆ ಕೇಳುವ ಜಾಗ ಮತ್ತು ವಾಲ್ಯೂಮ್ ಕಾರಣ. ಅಂಗಡಿಯ ಗದ್ದಲ, ಬಸ್ಸಿನ ಎಂಜಿನ್ನಿನ ಗುಡುಗು ಬಹುಪಾಲು ಮಂದ್ರದ ಸದ್ದುಗಳು. ರಬ್ಬರ್ ಟಿಪ್ ಹೊರಗಿನ ತಾರ ಸದ್ದುಗಳನ್ನು ಚೆನ್ನಾಗಿ ತಡೆಯುತ್ತದೆ, ಈ ಗುಡುಗನ್ನು ಅಷ್ಟಾಗಿ ತಡೆಯಲಾರದು, ಮತ್ತು ಆ ಗುಡುಗು ಹಾಡಿನ ಬೇಸನ್ನೇ ಮೊದಲು ತಿಂದುಹಾಕುತ್ತದೆ. ಆದ್ದರಿಂದ ಬೇಸ್ ಹೆಚ್ಚಿರುವ ಇಯರ್‌ಫೋನ್ ಬಸ್ಸಿನಲ್ಲಿ ಹದವಾಗಿ, ರಾತ್ರಿ ಹತ್ತರ ಮೇಲೆ ಮನೆಯ ನಿಶ್ಶಬ್ದದಲ್ಲಿ ಭಾರವಾಗಿ ಕೇಳುವುದು ಸಹಜವೇ. ವಾಲ್ಯೂಮಿನ ಪರಿಣಾಮ ಇದಕ್ಕೆ ವಿರುದ್ಧ ದಿಕ್ಕಿನದು. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಮಂದ್ರವನ್ನು ಎಂದು ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಮೆಲ್ಲಗೆ ಕೇಳುವವರಿಗೆ ಬೆಚ್ಚನೆಯ ಇಯರ್‌ಫೋನ್ ನಿಜಕ್ಕೂ ಒಪ್ಪುತ್ತದೆ, ಅದನ್ನೇ ಜೋರಾಗಿ ಹಚ್ಚಿದರೆ ಬೇಸ್ ಮುನ್ನುಗ್ಗುತ್ತದೆ. ಎರಡು ಇಯರ್‌ಫೋನುಗಳನ್ನು ಹೋಲಿಸುವಾಗಲೂ ಒಂದೇ ದನಿಯನ್ನು ಎರಡರಲ್ಲೂ ಒಂದೇ ಜೋರಿಗೆ ತಂದುಕೊಳ್ಳಿ, ಸ್ವಲ್ಪವೇ ಜೋರಾಗಿರುವುದೂ ಕಿವಿಗೆ ‘ಉತ್ತಮ’ ಎಂದೇ ತೋರುತ್ತದೆ.

ಇಲ್ಲಿ ನನಗೆ ನಿಜವಾದ ಆತಂಕವೊಂದಿದೆ. ಮಾತು ಮಂಕಾಗಿ ಕೇಳುವ ಇಯರ್‌ಫೋನಿನಲ್ಲಿ ಸಾಹಿತ್ಯ ತಿಳಿಯಲೆಂದು ನಾವು ವಾಲ್ಯೂಮನ್ನೇ ಏರಿಸುತ್ತೇವೆ, ತಾರದ ಚುಚ್ಚು ಇಲ್ಲದ್ದರಿಂದ ಎಷ್ಟು ಏರಿಸಿದ್ದೇವೆಂಬುದು ಗಮನಕ್ಕೇ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಈಚಿನ ಹಲವು ಫೋನುಗಳು ವಾರದ ಲೆಕ್ಕವನ್ನು ತಾವೇ ಇಟ್ಟು ತೋರಿಸುತ್ತವೆ.

ಸೋರಿಕೆ ನಿಂತು, ನೋವೂ ಹೋಗಿ, ಸಾಹಿತ್ಯ ಮಾತ್ರ ಮಂಕಾಗಿ ಉಳಿದಿದ್ದರೆ ಫೋನಿನ ಈಕ್ವಲೈಸರಿನಲ್ಲಿ (ಸದ್ದಿನ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಸೌಲಭ್ಯ) ಟ್ರೆಬಲ್, ಅಂದರೆ ತಾರದ ಭಾಗ, ಏರಿಸುವ ಮೊದಲು 200–250 ಹರ್ಟ್ಸಿನ ಪಟ್ಟಿಯನ್ನು ಮೂರು ಡೆಸಿಬೆಲ್ ಇಳಿಸಿ ನೋಡಿ. ಅತ್ಯಂತ ಕೆಳಗಿನ ಪಟ್ಟಿಯನ್ನು ಮುಟ್ಟಬೇಡಿ; ನಿಮಗೆ ಪ್ರಿಯವಾದ ತುಂಬುನಾದ ಅಲ್ಲಿಯೇ ಇದೆ. ಫೋಮ್ ಟಿಪ್ ಮೆತ್ತಗಿದ್ದು ನೋವಿಗೆ ಒಳ್ಳೆಯ ಪರಿಹಾರವಾದರೂ ತಾರವನ್ನು ಇನ್ನಷ್ಟು ಹೀರುತ್ತದೆ, ಆದ್ದರಿಂದ ಮೊದಲೇ ಮಂಕಾಗಿರುವುದಕ್ಕೆ ಬಾಯಗಲದ ಸಿಲಿಕೋನ್ ಟಿಪ್ಪೇ ವಾಸಿ. ಮುಂದೆ ಎಂದಾದರೂ ಒಂದೇ ಬದಿ ಮಂಕಾದರೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಕೊಂಡು ಕೇಳಿ. ಮಂಕು ಇಯರ್‌ಫೋನಿನ ಜೊತೆಗೇ ಆಚೆ ಕಿವಿಗೆ ಹೋದರೆ ಅದರ ಬಾಯಿಯ ಜಾಲರಿಯಲ್ಲಿ ಗುಗ್ಗೆ ಕಟ್ಟಿದೆ. ಟಿಪ್ ತೆಗೆದು, ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಒಣ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಮಂಕು ಅದೇ ಕಿವಿಯಲ್ಲಿ ಉಳಿದರೆ ಹತ್ತಿಕಡ್ಡಿ ಹಾಕದೆ ಕಿವಿಯ ವೈದ್ಯರಿಗೆ ತೋರಿಸಿ.